ತಪ್ಪುವ ಗುರಿಕಾರ

ಬೆಟ್ಟದ ಮಗ್ಗುಲಿನಲ್ಲಿ ಒಂದು ಊರಿತ್ತು. ಹೆಸರು ಹೇಳಿದರೆ ಅಲ್ಲಿನವರು ಬೇಸರ ಮಾಡಿಕೊಂಡಾರು, ಅದನ್ನು ಬಿಟ್ಟುಬಿಡೋಣ. ಊರಿನ ಮೂಡಲಿಗೆ ಒಂದು ಕಣಿವೆ, ಕಣಿವೆಯ ಆಚೆ ಇನ್ನೊಂದು ಊರು. ಆಚೆಯವರು ನಾಲ್ಕಾರು ವರ್ಷಕ್ಕೊಮ್ಮೆ ನುಗ್ಗಿ ಬಂದು ಈಚೆಯವರ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಹಾಗಾಗಿ ಮನೆಗೊಬ್ಬರು ಕೋವಿ ಕಲಿತು ಕಣಿವೆಯ ಕಾವಲಿಗೆ ನಿಲ್ಲಬೇಕೆಂಬ ಕಟ್ಟಳೆಯಿತ್ತು. ಸುಗ್ಗಿ ಮುಗಿದ ಮೇಲೆ ಪರೀಕ್ಷೆ. ಎತ್ತರದ ಮರವೊಂದರ ತುದಿಗೆ ತೆಂಗಿನಕಾಯಿ ಕಟ್ಟುವರು. ಅದನ್ನು ಒಡೆದವರು ಕಾವಲಿಗೆ, ಒಡೆಯದವರು ಮತ್ತೆ ಪಾಠಕ್ಕೆ.

ಪಾಠ ಹೇಳುವವನನ್ನು ಗುರಿಕಾರ ಎಂದು ಕರೆಯುತ್ತಿದ್ದರು. ನಮ್ಮ ಕಥೆಯ ಗುರಿಕಾರನಿಗೆ ವಯಸ್ಸು ಐವತ್ತು ದಾಟಿತ್ತು. ಹೆಂಡತಿಯಿಲ್ಲ, ಹೊಲವಿಲ್ಲ, ಊರ ಹೊರಗಿನ ಕೋವಿಶಾಲೆಯೇ ಅವನ ಸಕಲ ಸಂಸಾರ.

ಊರಿನಲ್ಲಿ ಎರಡು ಬಗೆಯ ಕೋವಿಗಳಿದ್ದವು. ಮೇಲುಬೀದಿಯ ಕಮ್ಮಾರ ನೀಳಕೋವಿ ಮಾಡುತ್ತಿದ್ದ. ಅದು ಎದೆಮಟ್ಟದ್ದು, ಭಾರದ್ದು, ಸಲಕ್ಕೆ ಒಂದೇ ತೋಟಾ ನುಂಗುವಂಥದ್ದು. ಆದರೆ ಕೆಸರಿಗೆ ಬಿದ್ದರೂ ಒರೆಸಿಕೊಂಡು ಕೆಲಸಕ್ಕೆ ನಿಲ್ಲುತ್ತಿತ್ತು. ಕೆಳಬೀದಿಯ ಕಮ್ಮಾರನದು ಗಿಡ್ಡಕೋವಿ. ಹಗುರ, ಚುರುಕು, ಐದು ತೋಟಾ ಒಟ್ಟಿಗೆ ಹಿಡಿಯುತ್ತಿತ್ತು. ಚೂರು ಧೂಳು ಹೊಕ್ಕರೆ ಮಾತ್ರ ಹೊಸ ಸೊಸೆಯ ಹಾಗೆ ಮುನಿಸಿಕೊಳ್ಳುತ್ತಿತ್ತು. ಯಾವುದು ಮೇಲು ಎಂಬ ಬಗ್ಗೆ ಆ ಊರಲ್ಲಿ ನಡೆದಷ್ಟು ಮಾತು ದನಗಳ ಬಗ್ಗೆಯೂ ನಡೆಯಲಿಲ್ಲ. ಹೆಣ್ಣು ಕೇಳಲು ಬಂದವರನ್ನು ಮೊದಲು ನಿಮ್ಮ ಮನೆಯಲ್ಲಿ ಯಾವ ಕೋವಿ ಎಂದು ಕೇಳಿ, ಆಮೇಲೆ ನೀರು ಕೊಡುತ್ತಿದ್ದರು.

ಗುರಿಕಾರ ಆರು ವರ್ಷದಿಂದ ನೀಳಕೋವಿ ಹಿಡಿದಿದ್ದ. ಆದ್ದರಿಂದ ಊರಿನ ಮುಕ್ಕಾಲು ಪಾಲು ಜನ ಅದನ್ನೇ ಹಿಡಿದಿದ್ದರು.

ಆ ವರ್ಷ ಮುದ್ದವ್ವ ಎಂಬ ವಿಧವೆ ಪಾಠಕ್ಕೆ ಬಂದಳು. ಗಂಡ ತೀರಿಕೊಂಡಿದ್ದ, ಮನೆಯ ಸರದಿಗೆ ಬೇರೆ ಯಾರೂ ಇರಲಿಲ್ಲ. ಗಂಡನ ಗಿಡ್ಡಕೋವಿ, ಎರಡು ಹಸು, ಇಷ್ಟು ಅವಳ ಆಸ್ತಿ. ಒಂದು ತಿಂಗಳು ಬಿಡದೆ ಹೊಡೆದಳು. ಗುಂಡೆಲ್ಲ ಗುರಿಯ ಕೆಳಗೇ ಹೋಯಿತು.

"ಯಾಕೆ ಗುರುಗಳೇ ಹಿಂಗಾಗ್ತದೆ?"

ಗುರಿಕಾರನಿಗೆ ಕಾರಣ ಹೊಳೆಯಲಿಲ್ಲ. ಆರು ವರ್ಷದಲ್ಲಿ ಅವನ ಭುಜಕ್ಕೆ, ಕೆನ್ನೆಗೆ, ಬೆರಳಿಗೆ ನೀಳಕೋವಿ ಎಷ್ಟು ಒಗ್ಗಿಹೋಗಿತ್ತೆಂದರೆ, ಮನುಷ್ಯ ಹೇಗೆ ತಪ್ಪುತ್ತಾನೆ ಎಂಬುದೇ ಮರೆತುಹೋಗಿತ್ತು. ಅವನಿಗೆ ನಾಚಿಕೆಯಾಯಿತು.

ಮರುದಿನ ಅವನು ಗಿಡ್ಡಕೋವಿಯೊಂದನ್ನು ತಂದು ಅವಳ ಪಕ್ಕದಲ್ಲಿ ನಿಂತ. ಹೊಡೆದ, ತಪ್ಪಿದ. ಹನ್ನೊಂದು ದಿನ ಅವಳ ಜೊತೆ ಸಮಸಮ ತಪ್ಪಿದ. ಹನ್ನೆರಡನೆಯ ದಿನ, "ಸಿಕ್ಕಿತು, ಕೊಡು ಇಲ್ಲಿ" ಎಂದು ಅವಳ ಕೋವಿ ಇಸಿದುಕೊಂಡು, ಬೆನ್ನು ತಿರುಗಿಸಿ, ತೋಟಾ ತುಂಬದೆ ವಾಪಸು ಕೊಟ್ಟ. ಅವಳು ತುಂಬಿದೆಯೆಂದೇ ನಂಬಿ ಗುರಿ ಹಿಡಿದು ಬೆರಳು ಎಳೆದಳು. ಸದ್ದು ಬರಲಿಲ್ಲ. ಆದರೆ ನಳಿಗೆಯ ತುದಿ ತನ್ನಷ್ಟಕ್ಕೆ ತಟಕ್ಕನೆ ಕೆಳಗೆ ಬಾಗಿತು.

"ನೋಡಿದಿಯಾ ತಾಯಿ? ಗುಂಡು ಹಾರಿ ಕೋವಿ ಭುಜಕ್ಕೆ ಒದೆಯೋದಕ್ಕೆ ಮೊದಲೇ ಕೈ ಹೆದರಿ ಅದುಮ್ತದೆ. ನೀಳಕೋವಿ ಭಾರ, ಅದು ನಮ್ಮ ಹೆದರಿಕೇನ ನುಂಗಿಕೊಳ್ತದೆ. ಇದು ಹಗುರ, ಊರಿಗೆಲ್ಲ ಹೇಳ್ತದೆ. ನನಗೂ ಹಾಗೇ ಆಯ್ತು."

ಆ ಸುಗ್ಗಿಯಲ್ಲಿ ಮುದ್ದವ್ವ ಎರಡನೆಯ ಗುಂಡಿಗೇ ತೆಂಗಿನಕಾಯಿ ಒಡೆದು ಕಾವಲಿಗೆ ನಿಂತಳು. ಅವಳಿಗಿಂತ ಗುರಿಕಾರನೇ ಹೆಚ್ಚು ಹಿಗ್ಗಿದ.

ಊರಿಗೆ ಇದಾವುದೂ ಕಾಣಲಿಲ್ಲ. ಕಂಡದ್ದು ಗುರಿಕಾರನ ಹೆಗಲ ಮೇಲಿನ ಗಿಡ್ಡಕೋವಿ ಮಾತ್ರ. ನೀಳಕೋವಿಯ ಕಾಲ ಮುಗಿಯಿತು ಎಂದು ತಿಳಿದವರು ತಿಳಿಯದವರಿಗೆ ವಿವರಿಸಿದರು. ತೂಕ ಎಷ್ಟು, ಗುಂಡು ಎಷ್ಟು ದೂರ ಹೋಗುತ್ತದೆ, ಒದೆ ಎಷ್ಟು ಎಂದು ಪಟ್ಟಿ ಮಾಡಿ ಅರಳಿಕಟ್ಟೆಗೆ ಅಂಟಿಸಿದರು. ಕೆಳಬೀದಿಯಲ್ಲಿ ಕುಲುಮೆ ಆರಲಿಲ್ಲ, ಮೇಲುಬೀದಿಯಲ್ಲಿ ಕುಲುಮೆ ಹೊತ್ತಲಿಲ್ಲ. ನೀಳಕೋವಿಗಳು ಹಿತ್ತಲಿನಲ್ಲಿ ಅವರೆಬಳ್ಳಿಗೆ ಆಸರೆಯಾಗಿ ನಿಂತವು.

ಮೂರು ವರ್ಷ ಕಳೆಯಿತು. ಗಿಡ್ಡಕೋವಿಯೂ ಗುರಿಕಾರನ ಕೈಗೆ ಒಗ್ಗಿ, ತಪ್ಪುವುದೇ ನಿಂತುಹೋಯಿತು. ಶಿಷ್ಯರು ಕೇಳಿದ ಪ್ರಶ್ನೆಗೆ ಮತ್ತೆ ಉತ್ತರ ತೊದಲತೊಡಗಿತು. ಒಂದು ಬೆಳಿಗ್ಗೆ ಅವನು ನೀಳಕೋವಿ ಹೊತ್ತು ಶಾಲೆಗೆ ಬಂದ. ಸಂಜೆಯೊಳಗೆ ಊರಿನವರು ಬಳ್ಳಿ ಹರಿದು, ತಮ್ಮ ಹಳೆಯ ಕೋವಿಗಳ ತುಕ್ಕು ಉಜ್ಜುತ್ತ ಕೂತಿದ್ದರು. ಕಟ್ಟೆಯ ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಬಂತು.

ಈ ಸಲ ಇಬ್ಬರು ಕಮ್ಮಾರರೂ, ಜನ್ಮದಲ್ಲಿ ಮೊದಲ ಬಾರಿ, ಜೊತೆಯಾಗಿ ಊರ ಯಜಮಾನನ ಬಳಿ ಹೋದರು. "ಈ ಮನುಷ್ಯನ ಹೆಗಲು ನಂಬಿಕೊಂಡು ಬದುಕಾದು ಹೆಂಗೆ ಯಜಮಾನರೇ? ಒಂದು ಹೇಳ್ಲಿ, ಅದಕ್ಕೇ ನಿಲ್ಲಲಿ."

ಸಭೆ ಸೇರಿತು. ಯಜಮಾನ ಎರಡೂ ಕೋವಿಗಳನ್ನು ಜಮಖಾನದ ಮೇಲೆ ಇಡಿಸಿದ.

"ಗುರಿಕಾರರೇ, ಯಾವುದು ಮೇಲು? ಹೇಳಿದ್ರೆ ಶಾಲೆ ನಿಮ್ಮದು. ಹೇಳದಿದ್ರೆ ಬೀಗದಕೈ ಇಲ್ಲಿಡಿ."

ಗುರಿಕಾರ ಒಂದನ್ನು ಬೆರಳು ಮಾಡಿ ತೋರಿಸಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ದೂರಕ್ಕೆ ನೀಳಕೋವಿ, ಹತ್ತಿರಕ್ಕೆ ಗಿಡ್ಡಕೋವಿ. ಕೆಸರಿಗೆ ಅದು, ಓಟಕ್ಕೆ ಇದು. ನಾನು ಬದಲಿಸೋದು ಅದಕ್ಕಲ್ಲ. ಒಂದೇ ಹಿಡಿದರೆ ಕೈ ತಪ್ಪೋದನ್ನ ಮರೀತದೆ. ತಪ್ಪೋದು ಮರೆತವನು ತಪ್ಪೋರಿಗೆ ಏನು ಹೇಳಿಕೊಟ್ಟಾನು? ಅದಕ್ಕೇ ಇನ್ನೊಂದು ಹಿಡೀತೀನಿ, ಒಂದಷ್ಟು ದಿನ ತಪ್ತೀನಿ."

ಹಿಂದಿನ ಸಾಲಿನಿಂದ ಯಾರೋ ಕೇಳಿದರು: "ಅಂದ್ರೆ, ನೀವು ತಪ್ತೀರಾ?"

ಮುದ್ದವ್ವ ತಡೆಯಲಾರದೆ ಎದ್ದು ನಿಂತಳು. "ಹೌದು, ತಪ್ತಾರೆ! ನನ್ನ ಪಕ್ಕ ನಿಂತು ಹನ್ನೊಂದು ದಿನ ತಪ್ಪಿದ್ರು. ಅದಕ್ಕೇ ನನಗೆ ಬಂತು!"

"ಸಾಕ್ಷಿಯೂ ಆಯಿತು," ಎಂದ ಯಜಮಾನ. ಬೀಗದಕೈ ಜಮಖಾನಕ್ಕೆ ಬಂತು.

ಊರಿನಲ್ಲಿ ಪಳಂಗಪ್ಪ ಎಂಬ ಯುವಕನಿದ್ದ. ಹುಟ್ಟಿದಾಗಿನಿಂದ ಗಿಡ್ಡಕೋವಿ ಬಿಟ್ಟು ಬೇರೆ ಮುಟ್ಟಿದವನಲ್ಲ, ಒಮ್ಮೆಯೂ ಗುರಿ ತಪ್ಪಿದವನಲ್ಲ. ಅವನನ್ನೇ ಗುರಿಕಾರನನ್ನಾಗಿ ಮಾಡಿದರು. ಮೇಲುಬೀದಿಯ ಕಮ್ಮಾರನೂ ಗಿಡ್ಡಕೋವಿ ಮಾಡಲು ಕಲಿತುಕೊಂಡ. ಜಗಳ ತೀರಿತು, ಊರು ಸುಖವಾಗಿ ಊಟ ಮಾಡಿತು.

ಹಳೆಯ ಗುರಿಕಾರ ಗಂಟು ಹೊತ್ತು ಕಣಿವೆಗೆ ಬಂದಾಗ ಕಾವಲಿನಲ್ಲಿ ಮುದ್ದವ್ವನೇ ಇದ್ದಳು. ಊರಿನವರು ಯಾರನ್ನೂ ಆಚೆ ಬಿಡಬಾರದೆಂಬುದು ನಿಯಮ.

"ಆಚೆ ಹೋಗ್ತೀರಾ ಗುರುಗಳೇ?"

"ಅಲ್ಲಿ ನನ್ನ ತಂಗಿ ಮನೆಯಿದೆ."

"ಅಲ್ಲೂ ಕಲಿಸ್ತೀರಾ?"

"ಬೇರೇನು ಬರ್ತದೆ ತಾಯಿ ನನಗೆ?"

ಅವಳಿಗೆ ಅಳು ಬಂತು. ತಡೆಯಬೇಕೆಂದು ಗೊತ್ತಿತ್ತು, ಆದರೆ ಅವನನ್ನು ತಡೆಯಲು ಅವಳಿಂದಾಗಲಿಲ್ಲ. ಕೋವಿಯನ್ನು ಬಂಡೆಗೆ ಒರಗಿಸಿ, ಅವನ ಕಾಲು ಮುಟ್ಟಿ, ದಾರಿ ಬಿಟ್ಟಳು.

ಪಳಂಗಪ್ಪನ ಪಾಠ ನೋಡಲು ಹಬ್ಬದಂತಿತ್ತು. ಯಾರಾದರೂ "ಯಾಕೆ ತಪ್ತು?" ಎಂದು ಕೇಳಿದರೆ ಕೋವಿ ಎತ್ತಿ ಢಂ ಎಂದು ಹೊಡೆದು, "ಹಿಂಗೆ ಹೊಡಿ" ಎನ್ನುತ್ತಿದ್ದ. ಆ ಸುಗ್ಗಿಯಲ್ಲಿ ಒಬ್ಬರೂ ತೆಂಗಿನಕಾಯಿ ಒಡೆಯಲಿಲ್ಲ. ಕಾರಣ ಕೇಳಿದಾಗ ಅವನು ಪ್ರಾಮಾಣಿಕವಾಗಿ ಹೇಳಿದ: "ನಂಗೆ ಗೊತ್ತಿಲ್ಲ. ನಾನು ಯಾವತ್ತೂ ತಪ್ಪಿಲ್ಲ." ಊರಿಗೆ ಹೆಮ್ಮೆಯಾಯಿತು. ಇಂಥ ಗುರುವಿಗೆ ಸರಿಸಮ ಯಾರಿದ್ದಾರು ಎಂದರು. ತಪ್ಪು ಮರದ್ದೇ ಎಂದು ತೀರ್ಮಾನವಾಗಿ, ಮರುವರ್ಷ ತೆಂಗಿನಕಾಯಿಯನ್ನು ನಡುಕೊಂಬೆಗೆ ಕಟ್ಟಿದರು. ಅದರ ಮರುವರ್ಷ ಬುಡದ ಕಲ್ಲಿನ ಮೇಲೆ ಇಟ್ಟು, ಹತ್ತು ಮಾರು ದೂರದಿಂದ ಹೊಡೆಸಿದರು. ಆ ವರ್ಷ ಎಲ್ಲರೂ ತೇರ್ಗಡೆಯಾದರು. ಮನೆಮನೆಯಲ್ಲಿ ಪಾಯಸ ಮಾಡಿದರು.

ಅದೇ ತಿಂಗಳು ಉಪ್ಪು ಮಾರುವವನೊಬ್ಬ ಕಣಿವೆಯ ಆಚೆಯಿಂದ ಸುದ್ದಿ ತಂದ. ಅಲ್ಲಿ ಒಬ್ಬ ಮುದುಕ ಎಳೆಯರಿಗೆಲ್ಲ ಕೋವಿ ಕಲಿಸುತ್ತಾನಂತೆ. ಕಲಿಸುವವನೇ ದಿನಗಟ್ಟಲೆ ತಪ್ಪುತ್ತಾನಂತೆ. ಊರು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ಅಂಥ ಗುರುವಿನ ಶಿಷ್ಯರಿಗೆ ಹೆದರಿ ಇಷ್ಟೊಂದು ಕಾವಲೇಕೆ ಎಂದು ಸಭೆ ಸೇರಿ, ಕಾವಲಿನವರನ್ನು ಅರ್ಧಕ್ಕೆ ಇಳಿಸಿದರು. ಯಾರನ್ನು ಬಿಡಿಸುವುದು ಎಂದು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ತಪ್ಪುವವನ ಹತ್ತಿರ ಕಲಿತವರನ್ನೆಲ್ಲ ಮನೆಗೆ ಕಳಿಸಿದರು.

ಮುದ್ದವ್ವ ಮನೆಗೆ ಬಂದವಳೇ ತನ್ನ ಎರಡು ಹಸುಗಳನ್ನು ಕೊಟ್ಟಿಗೆಯಿಂದ ಬಿಚ್ಚಿ, ಒಳಗೆ ಪಡಸಾಲೆಯಲ್ಲಿ ಕಟ್ಟಿಕೊಂಡಳು. ಅದನ್ನು ನೋಡಿ ಊರು ಇನ್ನೊಮ್ಮೆ ನಕ್ಕಿತು.