ಆಯ್ತು ಅಂದವಳು

ನಾನು ದೊಡ್ಡ ಮನಸ್ಸಿನವಳಲ್ಲ. ಪಕ್ಕದ ಮನೆಯವರು ನಮ್ಮ ಬಾಗಿಲಿಗೆ ಅಡ್ಡ ಸ್ಕೂಟರ್ ನಿಲ್ಲಿಸಿದರೆ ಇಡೀ ದಿನ ಗೊಣಗುವವಳು. ಯಾರಾದರೂ ಎರವಲು ಒಯ್ದ ಛತ್ರಿ ವಾಪಸ್ ತರದಿದ್ದರೆ, ಅವರ ಮನೆಯಲ್ಲಿ ಮದುವೆಯಾಗಲಿ ಸಾವಾಗಲಿ ನನಗೆ ಮೊದಲು ನೆನಪಾಗುವುದು ಛತ್ರಿಯೇ. ಅಂಥವಳನ್ನು ಈಗ ಬೀದಿಗೆ ಬೀದಿಯೇ ಸೇರಿ ಅಟ್ಟಕ್ಕೇರಿಸಿದೆ. ಮಹಾತಾಯಿಯಂತೆ, ತ್ಯಾಗಮಯಿಯಂತೆ. ನಮ್ಮ ರಿಪೇರಿ ಅಂಗಡಿಗೆ ವಾಷಿಂಗ್ ಮಷೀನಿನ ಬೆಲ್ಟ್ ಬದಲಾಯಿಸಲು ಬಂದವರು ಕೂಡ ನನ್ನ ಮುಖ ನೋಡಿ ಕಣ್ಣು ಒದ್ದೆ ಮಾಡಿಕೊಂಡು ಹೋಗುತ್ತಾರೆ. ನನಗೆ ಮೈ ಉರಿಯುತ್ತದೆ.

ಆದದ್ದಿಷ್ಟು. ಒಂಬತ್ತು ವರ್ಷದ ನನ್ನ ಮಗಳು ಸತ್ತಾಗ ಅವಳ ಅಂಗಗಳನ್ನು ದಾನ ಮಾಡಿದೆವು. ಮಾಡಿದೆವು ಅನ್ನುವುದು ಊರವರ ಮಾತು. ನಾನು ಮಾಡಲಿಲ್ಲ. ನಾನು ಒಂದು ಅರ್ಥದಲ್ಲಿ ಒಂದು ಮಾತು ಅಂದೆ, ಅದನ್ನು ಇನ್ನೊಂದು ಅರ್ಥದಲ್ಲಿ ತೆಗೆದುಕೊಂಡರು, ಉಳಿದದ್ದೆಲ್ಲ ತಾನಾಗಿ ನಡೆದುಹೋಯಿತು.

ಆ ಮಾತು ಗೊತ್ತಾಗಬೇಕಾದರೆ ನಮ್ಮ ಅಂಗಡಿಯ ವಿಷಯ ಹೇಳಬೇಕು. ನನ್ನ ಗಂಡ ವಾಷಿಂಗ್ ಮಷೀನು, ಫ್ರಿಜ್ಜು ರಿಪೇರಿ ಮಾಡುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿತ್ತಲಿನಲ್ಲಿ ಕೆಟ್ಟುಹೋದ ಮಷೀನುಗಳ ರಾಶಿ ಇದೆ. ಒಂದರ ಪಂಪು, ಇನ್ನೊಂದರ ಬಾಗಿಲಿನ ಕೊಂಡಿ, ಮತ್ತೊಂದರ ಮೋಟರು ಬಿಚ್ಚಿ ತಂದು ಬದುಕುವಂಥದ್ದಕ್ಕೆ ಹಾಕುತ್ತಾರೆ. ಕೌಂಟರಿನಲ್ಲಿ ಕೂತು ಫೋನು ಎತ್ತುವುದು ನನ್ನ ಕೆಲಸ. ಒಮ್ಮೆ ರಿಟೈರ್ಡ್ ಮೇಷ್ಟ್ರೊಬ್ಬರು ಫೋನು ಮಾಡಿ, "ನಮ್ಮ ಮಷೀನು ಏನಾಯ್ತಮ್ಮ?" ಅಂದರು. ತುಕ್ಕು ಹಿಡಿದು ತಳವೇ ಕಳಚಿಬಿದ್ದಿದ್ದ ಮಷೀನು ಅದು. "ಅದು ಆಯ್ತು ಸರ್" ಅಂದೆ, ಅದರ ಕತೆ ಮುಗಿಯಿತು ಅನ್ನುವ ಅರ್ಥದಲ್ಲಿ. ಮೇಷ್ಟ್ರು ಗಾಡಿ ಬಾಡಿಗೆಗೆ ಹಿಡಿದು, ಸೊಸೆಯನ್ನೂ ಕೂರಿಸಿಕೊಂಡು, ಮಷೀನು ಒಯ್ಯಲು ಬಂದೇಬಿಟ್ಟರು. ಆಮೇಲೆ ಅಂಗಡಿಯಲ್ಲಿ ಎದ್ದ ರಾದ್ಧಾಂತವನ್ನು ಬೀದಿಯವರೆಲ್ಲ ನಿಂತು ನೋಡಿದರು. ಅವರು ಹೋದ ಮೇಲೆ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕು, ಅಂಗಡಿಗೊಂದು ಕಾನೂನು ಮಾಡಿದರು. ರಿಪೇರಿ ಆಗಿದ್ದಕ್ಕೆ 'ರೆಡಿ' ಅನ್ನಬೇಕು. ಇನ್ನು ಏನು ಮಾಡಿದರೂ ಏಳದು ಅನ್ನುವಂಥದ್ದಕ್ಕೆ ಮಾತ್ರ 'ಆಯ್ತು'.

ಮಗಳಿಗೆ ಈ ಕಾನೂನು ಬಹಳ ಹಿಡಿಸಿತು. ಅವಳನ್ನು ನಾವು ಕರೆಯುತ್ತಿದ್ದದ್ದು ರೇಡಿಯೋ ಅಂತ. ಬೆಳಿಗ್ಗೆ ಕಣ್ಣು ಬಿಟ್ಟಾಗ ಶುರುವಾದರೆ ನಿದ್ದೆಯಲ್ಲೂ ಅದರ ಬಾಯಿ ನಿಲ್ಲುತ್ತಿರಲಿಲ್ಲ. ಪೆನ್ಸಿಲ್ ಮುರಿದರೆ "ಅಮ್ಮಾ, ಇದು ಆಯ್ತು." ಚಪ್ಪಲಿ ಕಿತ್ತರೆ "ಇದೂ ಆಯ್ತು." ಅಪ್ಪ ತಲೆ ಬಾಚುವಾಗ ಹಿಂದೆ ನಿಂತು ಕೈಯಲ್ಲಿ ಬಾಯಿ ಮುಚ್ಚಿಕೊಂಡು, "ಅಪ್ಪನ ಕೂದ್ಲು ಆಯ್ತು!" ಹೀಗೆ ನಮ್ಮ ಮನೆಯಲ್ಲಿ ಒಪ್ಪಿಗೆಗೆ ಹ್ಞೂಂ ಅಂತಲೋ ಸರಿ ಅಂತಲೋ ಅನ್ನುವುದು ರೂಢಿಯಾಯಿತು. ಆ ಇನ್ನೊಂದು ಮಾತು ಸತ್ತ ವಸ್ತುಗಳಿಗೆ ಮೀಸಲಾಯಿತು.

ಶಾಲೆಯಲ್ಲಿ ಆಟದ ಪಿರಿಯಡ್ಡಿನಲ್ಲಿ ಓಡುತ್ತಿದ್ದವಳು ಕುಸಿದು ಬಿದ್ದಳು. ತಲೆಯೊಳಗೆ ಒಂದು ರಕ್ತನಾಳ ಒಡೆದಿತ್ತು. ಹುಟ್ಟಿನಿಂದಲೇ ಅದು ಆ ಜಾಗದಲ್ಲಿ ತೆಳುವಾಗಿತ್ತಂತೆ. ಬೈಯಲು ಒಬ್ಬ ಡ್ರೈವರ್ ಇಲ್ಲ, ಶಪಿಸಲು ಒಂದು ಗುಂಡಿ ಬಿದ್ದ ರಸ್ತೆ ಇಲ್ಲ. ನನ್ನ ಹೊಟ್ಟೆಯೊಳಗೆ ತಯಾರಾದ ನಾಳ. ಯಾರ ಮೇಲೆ ಹರಿಹಾಯಲಿ?

ಆಸ್ಪತ್ರೆಯಲ್ಲಿ ನಮ್ಮನ್ನು ಕೂರಿಸಿದ್ದ ಕೋಣೆಗೆ ಒಂದು ಕಡೆ ಗಾಜು. ಗಾಜಿನಾಚೆ ಅವಳ ಮಂಚ ಕಾಣುತ್ತಿತ್ತು. ಈಚೆ ಒಂದು ಸೋಫಾ, ಮೇಜಿನ ಮೇಲೆ ಮೂಗೊರೆಸುವ ಕಾಗದದ ಡಬ್ಬಿ. ನಾನು, ನನ್ನ ಗಂಡ, ನನ್ನ ನಾದಿನಿ ಮೂವರೂ ಇದ್ದೆವು. ನಾದಿನಿ ಒಂದು ಶಾಲೆಯ ಹೆಡ್ ಮಿಸ್. ಅವಳು ಮೂಗು ತೂರಿಸದ ವಿಷಯವಿಲ್ಲ, ಆದರೆ ಆ ದಿನ ಅವಳೂ ಸುಮ್ಮನೆ ಕೂತಿದ್ದಳು. ಡಾಕ್ಟರು ಬಂದು, ಮೆದುಳು ಪೂರ್ತಿ ಸತ್ತಿದೆ, ಎರಡೆರಡು ಸಲ ಪರೀಕ್ಷೆ ಮಾಡಿದ್ದೇವೆ, ಉಸಿರಾಡಿಸುತ್ತಿರುವುದು ಯಂತ್ರ ಅಂದರು. ನನ್ನ ಗಂಡ ಯಂತ್ರದ ಮನುಷ್ಯ. ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. ನನಗೆ ಆಗಲಿಲ್ಲ. ಅವಳ ಎದೆ ಏರಿಳಿಯುತ್ತಿತ್ತಲ್ಲ.

ಡಾಕ್ಟರು ಹೋದ ಮೇಲೆ ಮೆತ್ತನೆ ದನಿಯ ಹೆಂಗಸೊಬ್ಬಳು ಬಂದು ನನ್ನ ಪಕ್ಕ ಕೂತಳು. ಅಂಗದಾನದ ಬಗ್ಗೆ ಮನೆಯವರ ಹತ್ತಿರ ಮಾತಾಡುವುದೇ ಅವಳ ಕೆಲಸ ಅಂತ ನನಗೆ ತಿಳಿದದ್ದು ಆಮೇಲೆ. ಏನೋ ಹೇಳುತ್ತಿದ್ದಳು. ನಾನು ಗಾಜಿನಾಚೆ ನೋಡುತ್ತಿದ್ದೆ. ಹಿಂದಿನ ಭಾನುವಾರ ರೇಡಿಯೋ ಹಟ ಹಿಡಿದು ಹತ್ತೂ ಉಗುರಿಗೆ ನೇರಳೆ ಬಣ್ಣ ಹಚ್ಚಿಸಿಕೊಂಡಿದ್ದಳು. ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಸಿಕ್ಕಿಸಲು ನರ್ಸು ಒಂದು ಉಗುರಿನ ಬಣ್ಣ ಮಾತ್ರ ಒರೆಸಿ ತೆಗೆದಿದ್ದಳು. ಮಗಳು ಎಚ್ಚರವಿದ್ದಿದ್ದರೆ ಆಸ್ಪತ್ರೆ ಮಾಳಿಗೆ ಹಾರಿಹೋಗುವ ಹಾಗೆ ಕಿರುಚುತ್ತಿದ್ದಳು. ಅವಳು ಸುಮ್ಮನಿದ್ದಳು. ಆ ಬೋಳು ಉಗುರು ನೋಡಿದಾಗ ನನಗೆ ಡಾಕ್ಟರು ಹೇಳಿದ್ದು ಅರ್ಥವಾಯಿತು.

"ಆಯ್ತು" ಅಂದೆ.

ಪಕ್ಕದಲ್ಲಿದ್ದ ಹೆಂಗಸು ನನ್ನ ಎರಡೂ ಕೈ ಹಿಡಿದುಕೊಂಡಳು. "ತುಂಬಾ ಥ್ಯಾಂಕ್ಸ್ ಅಮ್ಮ. ಈ ಹೊತ್ತಲ್ಲಿ ಇಷ್ಟು ಧೈರ್ಯ ಎಲ್ಲರಿಗೂ ಬರಲ್ಲ" ಅಂದಳು. ಏನೋ ಸಮಾಧಾನ ಹೇಳುತ್ತಿದ್ದಾಳೆ ಅಂದುಕೊಂಡೆ. ನನ್ನ ಗಂಡ ನನ್ನನ್ನೊಮ್ಮೆ ನೋಡಿದರು. ಆಮೇಲೆ ಎದ್ದು ಅವಳ ಹಿಂದೆ ಹೋದರು. ಎಲ್ಲೆಲ್ಲಿ ಸಹಿ ಹಾಕಬೇಕೋ ಹಾಕಿದರು.

ನನಗೆ ವಿಷಯ ತಿಳಿದದ್ದು ಮಗಳ ಮಂಚವನ್ನು ಆಪರೇಷನ್ ಕೋಣೆಯ ಕಡೆ ತಳ್ಳಿಕೊಂಡು ಹೊರಟಾಗ. ದಾರಿಯುದ್ದಕ್ಕೂ ನರ್ಸುಗಳು, ವಾರ್ಡಿನವರು ಎರಡೂ ಬದಿ ತಲೆ ಬಗ್ಗಿಸಿ ನಿಂತಿದ್ದರು. "ಎಲ್ಲಿಗೆ ಕರ್ಕೊಂಡು ಹೋಗ್ತಿದಾರೆ?" ಅಂತ ನಾದಿನಿಯನ್ನು ಕೇಳಿದೆ. ಅವಳು ಅಳುತ್ತಾ ನನ್ನ ಬೆನ್ನು ಸವರಿದಳು. "ನೀವೇ ಒಪ್ಪಿದ್ರಲ್ಲ ಅತ್ತಿಗೆ. ಎಷ್ಟೋ ಮಕ್ಕಳು ಬದುಕ್ತಾರೆ. ನಿಮ್ಮಂಥ ತಾಯಿ ಸಿಗೋಕೆ ಪುಣ್ಯ ಮಾಡಿರಬೇಕು."

ನಾನು ತಿರುಗಿ ಗಂಡನ ಕಡೆ ಹೋದೆ. ಅವರು ಗೋಡೆಗೆ ಆತುಕೊಂಡು ನಿಂತಿದ್ದರು. "ನೀನು ಹೇಳಿದ್ದಕ್ಕೆ ನಾನು ನಿಂತಿದೀನಿ ಕಣೇ. ಇಲ್ದಿದ್ರೆ ಇಲ್ಲೇ ಬಿದ್ದುಹೋಗ್ತಿದ್ದೆ" ಅಂದರು. ಬಾಯಿಗೆ ಬಂದದ್ದು ಬಾಯಲ್ಲೇ ಉಳಿಯಿತು. ಬಾಗಿಲು ಮುಚ್ಚಿಕೊಂಡಿತು.

ಆಮೇಲಿನದು ಹೇಳಿದರೆ ನಗು ಬರಬೇಕು. ಪೇಪರಿನಲ್ಲಿ ನನ್ನ ಫೋಟೋ ಬಂತು. ಅದೂ ಯಾವುದೋ ಮದುವೆಯಲ್ಲಿ ಹಲ್ಲು ಕಿರಿಯುತ್ತಿದ್ದ ಫೋಟೋ. ಮಗ್ಗುಲಲ್ಲಿದ್ದವರನ್ನು ಕತ್ತರಿಸಿ ನನ್ನೊಬ್ಬಳನ್ನು ಉಳಿಸಿಕೊಂಡಿದ್ದರು. ಎಂದೂ ಮಾತಾಡದ ಓರಗಿತ್ತಿ ಫೋನು ಮಾಡಿ ಹೊಗಳಿದಳು. ಛತ್ರಿ ಒಯ್ದವಳು ಬಂದು ತಬ್ಬಿಕೊಂಡು ಅತ್ತಳು, ಛತ್ರಿ ತರಲಿಲ್ಲ. ನಾನು ಮೂಲೆಯಲ್ಲಿ ಕೂತು ಕೂದಲು ಕಿತ್ತುಕೊಂಡು ಅಳಬೇಕಾದವಳು. ಆದರೆ ಮಹಾತಾಯಿಯರು ಹಾಗೆಲ್ಲ ಅಳುವ ಹಾಗಿಲ್ಲವಂತೆ. ಅಳು ಜೋರಾದರೆ ಯಾರಾದರೊಬ್ಬರು, "ಅವಳೆಲ್ಲಿ ಹೋಗಿದಾಳೆ? ಎಷ್ಟು ಜನರಲ್ಲಿ ಬದುಕಿದಾಳೆ!" ಅಂತ ಬಾಯಿ ಮುಚ್ಚಿಸುತ್ತಿದ್ದರು. ಎಷ್ಟು ಜನರಲ್ಲಿ ಬದುಕಿದ್ದರೇನು, ನನ್ನ ತಲೆ ತಿನ್ನಲು ಮನೆಯಲ್ಲಿ ಒಬ್ಬಳೂ ಇರಲಿಲ್ಲ.

ಗಂಡ ಮಾತ್ರ ಮೆಲ್ಲಗೆ ಎದ್ದು ನಿಂತರು. ಅಂಗಡಿ ತೆರೆದರು. ಬಂದವರಿಗೆಲ್ಲ ಒಂದೇ ಪಾಠ: "ನನ್ನ ಕೈಲಿ ಎಲ್ಲಾಗ್ತಿತ್ತು ಸರ್? ನಮ್ಮನೇವಳು ಒಂದೇ ಮಾತಿಗೆ ಒಪ್ಪಿದ್ಲು." ಹೀಗೆ ಹೇಳಿದ ದಿನ ಅವರಿಗೆ ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ನಾನು ನಿಜ ಹೇಳಿದರೆ ಈ ಮನುಷ್ಯ ಉಳಿಯುವುದಿಲ್ಲ ಅನ್ನಿಸುತ್ತಿತ್ತು. ಹೇಳದಿದ್ದರೆ ನಾನು ಉಳಿಯುವುದಿಲ್ಲ. ಪ್ರತಿ ಊಟಕ್ಕೂ ಈ ಎರಡರ ನಡುವೆ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದೆ.

ಅಷ್ಟರಲ್ಲಿ ಆಸ್ಪತ್ರೆಯವರು ದಾನಿಗಳ ಕುಟುಂಬಗಳಿಗೆ ಸನ್ಮಾನ ಇಟ್ಟುಕೊಂಡರು. ನಾದಿನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಅತ್ತಿಗೆ, ನೀವು ನಾಲ್ಕು ಮಾತಾಡ್ಲೇಬೇಕು. ನಾನು ಬರ್ಕೊಡ್ತೀನಿ. ಆ ಗಳಿಗೆಯಲ್ಲಿ ನಿಮ್ಮ ಮನಸ್ಸಲ್ಲಿ ಏನು ಬಂತು, ಅದನ್ನ ಹೇಳಿ ಸಾಕು" ಅಂದಳು. ಮನಸ್ಸಿನಲ್ಲಿ ಬಂದದ್ದು ಒಂದು ಬೋಳು ಉಗುರು. ಮೈಕಿನ ಮುಂದೆ ನಿಂತು ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗದು ಅಂತ ಅವತ್ತೇ ತೀರ್ಮಾನ ಮಾಡಿದೆ. ವೇದಿಕೆ ಹತ್ತುವ ಮೊದಲು ಗಂಡನಿಗೆ ಹೇಳಿಬಿಡಬೇಕು. ಬಿದ್ದರೆ ಬೀಳಲಿ.

ಸನ್ಮಾನದ ದಿನ ಬಂತು. ವೇದಿಕೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಒಟ್ಟಿದ್ದ ಸಣ್ಣ ಕೋಣೆ ಇತ್ತು. ಹೆಸರು ಕರೆಯುವ ತನಕ ನಮ್ಮನ್ನು ಅಲ್ಲಿ ನಿಲ್ಲಿಸಿದರು. ನಾದಿನಿ ಮೊದಲ ಸಾಲಿನಲ್ಲಿ ಕೂರಲು ಹೋದಳು. ನನ್ನ ಗಂಡ ಇಸ್ತ್ರಿ ಶರ್ಟು ಹಾಕಿಕೊಂಡು, ಉಗುರ ಸಂದಿಯ ಗ್ರೀಸನ್ನು ಇನ್ನೂ ಕೆರೆಯುತ್ತಿದ್ದರು.

"ರೀ, ನಾನು ಮೇಲೆ ಬರಲ್ಲ."

"ಯಾಕೆ, ಹುಷಾರಿಲ್ವಾ?"

"ಆವತ್ತು ನಾನು ಒಪ್ಪಿದ್ದಲ್ಲ. ಆಕೆ ಏನು ಕೇಳಿದ್ಲು ಅಂತ್ಲೇ ನನಗೆ ಗೊತ್ತಿರ್ಲಿಲ್ಲ. ಮಗು ಹೋಯ್ತು ಅಂತ ಆ ಮಾತು ಬಂತು. ಅದು ನಮ್ಮ ಅಂಗಡಿ 'ಆಯ್ತು' ಕಣ್ರೀ."

ಹೇಳಿ ಕುರ್ಚಿಗಳ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಅವರು ಬಿದ್ದರೆ ಹಿಡಿಯಬೇಕಲ್ಲ ಅಂತ. ಅವರು ಬೀಳಲಿಲ್ಲ. ಉಗುರು ಕೆರೆಯುವುದನ್ನು ನಿಲ್ಲಿಸಿದರು.

"ಗೊತ್ತು" ಅಂದರು.

"ಏನು ಗೊತ್ತು?"

"ನೀನು ಅಂದ ಕೂಡ್ಲೇ ಗೊತ್ತಾಯ್ತು. ಆ ಕಾನೂನು ಮಾಡಿದೋನು ನಾನಲ್ವಾ? ಆಕೆ ಒಪ್ಪಿಗೆ ಅಂದ್ಕೊಂಡ್ಲು. ನಾನು ತಿದ್ದಲಿಲ್ಲ."

ಹೊರಗೆ ಯಾರದೋ ಹೆಸರು ಕರೆದರು. ಚಪ್ಪಾಳೆ ಬಿತ್ತು.

"ಡಾಕ್ಟ್ರು ಹೇಳ್ತಿದ್ದಾಗ್ಲೇ ನನ್ನ ತಲೇಲಿ ಬಂದಿತ್ತು" ಅಂದರು. ನನ್ನನ್ನು ನೋಡದೆ ಗೋಡೆಗೆ ಹೇಳುತ್ತಿದ್ದರು. "ತಲೆ ಒಂದು ಬಿಟ್ಟು ಮಗೂದು ಎಲ್ಲಾ ಚೆನ್ನಾಗೇ ಇದೆ, ಸುಮ್ನೆ ಮಣ್ಣಿಗೆ ಹಾಕೋದಾ ಅಂತ. ಹೆತ್ತ ಅಪ್ಪನಿಗೆ ಬರೋ ಯೋಚ್ನೆನಾ ಅದು? ಹಿತ್ತಲಲ್ಲಿ ರಾಶಿ ಮುಂದೆ ನಿಂತ ಹಾಗೆ ನಿಂತಿದ್ದೆ. ನನ್ನ ಮೇಲೆ ನನಗೇ ಹೇಸಿಗೆ ಆಯ್ತು. ನಿನ್ನನ್ನ ಕೇಳಿದ್ರೆ, ಮಗಳನ್ನೂ ಬಿಚ್ಚೋಕೆ ಹೊರಟ್ರಾ ಅಂತೀಯ ಅಂತ ಹೆದರ್ಕೊಂಡೆ."

"ಅದಕ್ಕೆ ನನ್ನ ತಲೆಗೆ ಕಟ್ಟಿದ್ರಿ."

"ಹ್ಞೂಂ."

ಇಷ್ಟು ದಿನ ಈ ಮನುಷ್ಯನಿಗೋಸ್ಕರ ನಾನು ಹಲ್ಲು ಕಚ್ಚಿಕೊಂಡಿದ್ದೆ. ಇವರು ಬಿದ್ದುಹೋಗಬಾರದು ಅಂತ ಊರವರ ಹೊಗಳಿಕೆಯನ್ನೆಲ್ಲ ನುಂಗಿದ್ದೆ. ಇವರು ನೋಡಿದರೆ ಎಲ್ಲಾ ಗೊತ್ತಿದ್ದೂ, ನನ್ನ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡು ಹೊಟ್ಟೆ ತುಂಬ ಉಂಡಿದ್ದರು. ಮಗಳು ಹೋದ ದಿನವೂ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ.

"ಒಂದೇ ಒಂದು ಮಾತು ಹೇಳಿಬಿಡು" ಅಂದರು. ಈಗ ನನ್ನ ಕಡೆ ತಿರುಗಿದ್ದರು. "ಆವತ್ತು ನೆಟ್ಟಗೆ ಕೇಳಿದ್ದಿದ್ರೆ ಏನಂತಿದ್ದೆ? ಅದೊಂದು ಗೊತ್ತಾದ್ರೆ ಸಾಕು. ದಿನಾ ಅದೇ ಕೊರೀತಿದೆ. ನೀನು ಹ್ಞೂಂ ಅಂತಿದ್ದೆ ಅಲ್ವಾ?"

ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಈಗ ಕೇಳಿದ ಕೂಡಲೇ ಉತ್ತರ ಬಂದು ನಿಂತಿತು, ಯೋಚಿಸುವ ಕೆಲಸವೇ ಇರಲಿಲ್ಲ. ಹೊರಗೆ ಮೈಕಿನಲ್ಲಿ ನಮ್ಮನ್ನು ಕರೆಯುತ್ತಿದ್ದರು. ನಾದಿನಿ ಬಾಗಿಲಿಂದ ತಲೆ ಹಾಕಿ ಕೈಸನ್ನೆ ಮಾಡಿದಳು.

"ಇಲ್ಲ" ಅಂದೆ. "ಬೇಡ ಅಂತಿದ್ದೆ. ಅವಳನ್ನ ಮುಟ್ಟೋಕೂ ಬಿಡ್ತಿರ್ಲಿಲ್ಲ."

ಅವರು ಒಬ್ಬರೇ ಮೆಟ್ಟಿಲು ಹತ್ತಿ ಹೋದರು. ಬಾಗಿಲ ಸಂದಿಯಿಂದ ನೋಡಿದೆ. ಕೈಗೆ ಫಲಕ ಕೊಟ್ಟರು, ಮೈಕು ಹಿಡಿಸಿದರು. "ನನ್ನ ಹೆಂಡ್ತಿ..." ಅಂದರು. ಮುಂದಕ್ಕೆ ಹೋಗಲಿಲ್ಲ. ಮತ್ತೆ "ನನ್ನ ಹೆಂಡ್ತಿ..." ಅಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅವರಿಗೆ ಹೇಳಿದ್ದು ಸುಳ್ಳು. ನೆಟ್ಟಗೆ ಕೇಳಿದ್ದರೆ ಕೊಡುತ್ತಿದ್ದೆ. ಅವರ ಕೆನ್ನೆಗೆ ಬಾರಿಸಿ, ಆ ಮೆತ್ತನೆ ದನಿಯವಳನ್ನು ಆಚೆ ಅಟ್ಟಿ, ಗಂಟೆಗಟ್ಟಲೆ ಅತ್ತು, ಕೊನೆಗೆ ಹ್ಞೂಂ ಅಂತಿದ್ದೆ. ಮಗಳ ಕೈ ಹಿಡಿದುಕೊಂಡು ಅವಳ ಕಿವಿಯಲ್ಲಿ ಹೇಳಿ ಕಳಿಸುತ್ತಿದ್ದೆ. ಅಷ್ಟನ್ನು ಅವರು ನನ್ನಿಂದ ಕಿತ್ತುಕೊಂಡರು. ಈ ಹ್ಞೂಂ ಒಂದು ಇನ್ನೂ ನನ್ನ ಹತ್ತಿರ ಇದೆ. ಇದನ್ನು ಅವರಿಗೆ ಸಾಯುವ ತನಕ ಕೊಡುವುದಿಲ್ಲ.