ನೆಗಡಿ ಪದ

ಮೂಗು ಹಿಡಿದುಕೊಂಡಳಲ್ಲ ಹುಡುಗಿ, ಎಡಗೈಯ ಎರಡು ಬೆರಳಲ್ಲಿ, ಪರೀಕ್ಷೆಯ ಮೇಜಿನ ಆಚೆ ಕೂತು, ಒಂದಿಷ್ಟೂ ನಾಚದೆ — ಮೇಡಮ್ಮಿಗೆ ಮೊದಲು ನಗುವೇ ಬಂತು, ಇಷ್ಟು ವರ್ಷ ಫ್ರೆಂಚ್ ಮೌಖಿಕ ಪರೀಕ್ಷೆ ನಡೆಸಿದವಳು ಎಂಥೆಂಥ ಸರ್ಕಸ್ಸು ನೋಡಿಲ್ಲ, ಆದರೆ ಆ ಉದ್ದನೆಯ ಪದ, ಎಲ್ಲರ ಗಂಟಲಿಗೂ ಮುಳ್ಳಾಗುವ ಪದ, ಇವಳ ಬಾಯಿಂದ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು, ರ, ಕೊ, ನೆ, ಸಾಂಸ್, ಕೊ ಅನ್ನುವಾಗ ಮೂಗು ಮುಚ್ಚಿ, ನೆ ಅನ್ನುವಾಗ ಬಿಟ್ಟು — ಯಾರಮ್ಮ ಹೇಳಿಕೊಟ್ಟಿದ್ದು, ಕೇಳಿದಳು, ಕೇಳಬಾರದಿತ್ತು, ನನಗೆ ಬೇಕಾದವರು ಮೇಡಂ, ನಮ್ಮ ಆಫೀಸಿನವರೇ, ಮೂಗು ಹಿಡಿದ್ರೆ ಬಾಯಿ ತಾನಾಗೇ ಬಿಡುತ್ತೆ ಅಂತಾರೆ, ನಾವಿದಕ್ಕೆ ನೆಗಡಿ ಪದ ಅಂತೀವಿ — ನೆಗಡಿ ಪದ, ಆ ಹೆಸರಿಟ್ಟವಳು ಮೇಡಮ್ಮೇ ಅಲ್ಲವೆ, ತನ್ನ ಅಡುಗೆಮನೆಯಲ್ಲಿ, ಹಿಟ್ಟು ಮೆತ್ತಿದ ಕೈಯಲ್ಲೇ ಗಂಡನ ಮೂಗು ಹಿಂಡಿ, ಭಾಷೆ ಬಾರದಿದ್ದರೆ ಕಂಪನಿಯವರು ಪರದೇಶಕ್ಕೆ ಕಳಿಸುವುದಿಲ್ಲವೆಂದು ಅವನು ತಲೆ ಮೇಲೆ ಕೈ ಹೊತ್ತು ಕೂತಿದ್ದ ಚಳಿಗಾಲ, ನೋಡ್ರೀ, ಬರೆಯುವಾಗ ನ ಎರಡು, ಒಂದು ಆ ಕಡೆಗೆ, ಒಂದು ಈ ಕಡೆಗೆ, ಬಾಯಲ್ಲಿ ಮಾತ್ರ ಒಂದೇ, ಅದೂ ಮುಂದಿನದರ ಪಾಲು, ಕೊ ಪಾಪ ಬರಿಗೈ, ಅದನ್ನ ಮೂಗಿಗೆ ಕಳಿಸಬೇಡಿ, ಅವನು ಕೊಂ ಕೊಂ ಎಂದು ಒದ್ದಾಡಿ, ಮೀಸೆಗೆಲ್ಲ ಹಿಟ್ಟಾಗಿ, ಕೊನೆಗೊಮ್ಮೆ ಸರಿಯಾಗಿ ಬಂದಾಗ ಇವಳನ್ನು ಎತ್ತಿ ಗಿರಗಿರ ತಿರುಗಿಸಿದ್ದ, ನಿನ್ನ ಋಣ ಹೇಗೆ ತೀರಿಸಲೇ ಅಂದಿದ್ದ, ಪದದ ಅರ್ಥವೂ ಅದೇ, ಕೃತಜ್ಞತೆ, ಇನ್ನೊಂದು ಅರ್ಥ ಗುರುತು ಹಿಡಿಯುವುದು, ಹಿಡಿದಾಯಿತಲ್ಲ — ಅವನು ಹೋಗಿ ವರ್ಷವಾಗುತ್ತ ಬಂತು, ಫೋನಿನಲ್ಲಿ ಒಂದೇ ರಾಗ, ಮನೆ ಸಿಕ್ತಿಲ್ಲ ಕಣೇ, ಒಂದೇ ಕೋಣೆ, ಇಬ್ಬರು ಕಾಲು ಚಾಚೋಕಾಗಲ್ಲ, ಸ್ವಲ್ಪ ತಾಳು, ತಾಳಿದವರು ಬಾಳಿಯಾರು ಎಂದು ಅತ್ತೆಯದೂ ಒಗ್ಗರಣೆ — ನೀನು ಯಾವಾಗ ಹೊರಡೋದಮ್ಮ, ಹುಡುಗಿಯನ್ನು ಕೇಳಿದಳು, ಇದೊಂದು ಪಾಸಾದ್ರೆ ಮುಂದಿನ ತಿಂಗಳೇ ಮೇಡಂ, ಅವರಾಗಲೇ ಮನೆ ಮಾಡಿದಾರೆ, ಬಾಲ್ಕನಿ ಇದೆಯಂತೆ, ಮುಖವೆಲ್ಲ ಅರಳಿಸಿಕೊಂಡು ಹೇಳುತ್ತಾಳೆ, ಗೊತ್ತಿಲ್ಲ ಇದಕ್ಕೆ, ಅವನಿಗೊಬ್ಬ ಹೆಂಡತಿಯಿದ್ದಾಳೆಂದೇ ಗೊತ್ತಿಲ್ಲ, ಗೊತ್ತಿದ್ದರೆ ಹೀಗೆ ಅವಳೆದುರೇ ಕೂತು ಮೂಗು ಹಿಡಿಯುತ್ತಿತ್ತೆ — ಫೇಲು ಮಾಡಬಹುದು, ಪೆನ್ನು ಕೈಯಲ್ಲೇ ಇದೆ, ಒಂದು ಸೊನ್ನೆ ಸುತ್ತಿದರಾಯಿತು, ಕೇಳುವವರಿಲ್ಲ, ಆದರೆ ತಪ್ಪು ಎಲ್ಲಿ ಹುಡುಕುವುದು, ಅದು ತನ್ನದೇ ಉಚ್ಚಾರಣೆ, ತನ್ನ ಬಾಯಿಂದ ಅವನ ಬಾಯಿಗೆ, ಅವನ ಬಾಯಿಂದ, ಥೂ — ಹತ್ತಕ್ಕೆ ಹತ್ತು ಹಾಕಿದಳು, ಕಾಗದ ಹರಿಯುವಷ್ಟು ಒತ್ತಿ, ಇನ್ನು ಹೋಗಮ್ಮ ಅನ್ನಬೇಕು, ಹೊರಗೆ ಮುಂದಿನವರು ಕಾಯುತ್ತಿದ್ದಾರೆ, ಬಾಯಿಗೆ ಬಂದದ್ದು ಮಾತ್ರ ಇನ್ನೊಂದ್ಸಲ ಹೇಳು, ಹೇಳಿದಳು, ಇನ್ನೊಂದ್ಸಲ, ಹೇಳಿದಳು, ಹುಡುಗಿಯ ನಗು ಮಾಸಿತು, ಸರಿ ಇಲ್ವಾ ಮೇಡಂ, ಸರಿ ಇದೆ, ಹೇಳು, ರ — ಮತ್ತೆ ಮೇಲೆದ್ದಿತು ಹುಡುಗಿಯ ಕೈ, ಬಿಳಿಚುವಷ್ಟು ಬಿಗಿದ ಮೂಗು, ಬಿಡು, ಬಿಡೇ ಅದನ್ನ, ಮೂಗು, ಎರಡು ಬೆರಳು, ಮೂಗು —