ಕಣದ ಮೇಲೆ ಕಟ್ಟಿದ ಮನೆ

ಚಾಮರಾಜಪೇಟೆಯ ಕಲ್ಯಾಣಮ್ಮನವರ ವಠಾರದಲ್ಲಿ ನಾವು ಹತ್ತೊಂಬತ್ತು ವರ್ಷ ಬಾಡಿಗೆಗಿದ್ದೆವು. ಅಷ್ಟೂ ವರ್ಷ ಗೋಡೆಗೆ ಒಂದೇ ಒಂದು ಮೊಳೆ ಹೊಡೆಯಲು ನನಗೆ ಅಪ್ಪಣೆ ಸಿಗಲಿಲ್ಲ. ಕೇಳಲಿಲ್ಲ ಎಂದಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಕೇಳಿದೆ. ನಮ್ಮಮ್ಮ ತೀರಿಕೊಂಡ ಮೇಲೆ ಅವಳ ಫೋಟೋಗೆ ಕಟ್ಟು ಹಾಕಿಸಿ ತಂದ ದಿನವೂ ಕೇಳಿದೆ.

"ಕಲ್ಯಾಣಮ್ಮನೋರೇ, ಒಂದೇ ಒಂದು ಮೊಳೆ ಹೊಡ್ಕೊಳ್ಳಾ?"

"ಗಾರೆ ಗೋಡೆ ಕಣೇ ಶೈಲಜಾ, ಉದುರಿ ಹೋಗತ್ತೆ. ಕಿಟಕಿ ಸರಳಿಗೆ ಕಟ್ಕೋ."

ಆಕೆ ಕೆಟ್ಟವರೇನಲ್ಲ. ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಕಳಿಸುತ್ತಿದ್ದರು, ನನಗೆ ಹುಷಾರಿಲ್ಲದಾಗ ಗಂಜಿ ಮಾಡಿ ತರುತ್ತಿದ್ದರು. ಆದರೆ ಮೊಳೆ ಮಾತ್ರ ಆಗದು. ಕೇಳುವಾಗ ನನ್ನ ದನಿ ತಾನಾಗಿ ತಗ್ಗುತ್ತಿತ್ತು, ಕತ್ತು ಒಂದು ಕಡೆ ವಾಲುತ್ತಿತ್ತು. ಬೇರೆ ಕಡೆ ಬಾಯಿ ಜೋರಿನವಳು ಎಂದು ಹೆಸರಾದ ನನಗೆ ಆ ದನಿ ಕೇಳಿದರೆ ಮೈ ಉರಿಯುತ್ತಿತ್ತು. ಕೊನೆಗೆ ಕ್ಯಾಲೆಂಡರ್ ಕಿಟಕಿ ಸರಳಿಗೆ, ಕನ್ನಡಿ ಬಾಗಿಲ ಚಿಲಕಕ್ಕೆ ಹೋದವು, ಅಮ್ಮ ಟ್ರಂಕಿನೊಳಕ್ಕೆ ಹೋದಳು.

ನನ್ನ ಗಂಡ ಗಂಗಾಧರಯ್ಯ ಅವೆನ್ಯೂ ರಸ್ತೆಯ ಕಾಗದದ ಅಂಗಡಿಯಲ್ಲಿ ಗುಮಾಸ್ತೆ. ತೊಂಬತ್ತಾರರಲ್ಲಿ ಅಂಗಡಿಗೆ ಬರುವವರೊಬ್ಬರು ಸೈಟಿನ ಸುದ್ದಿ ತಂದರು. ಪೇಟೆಯೊಳಗೆ ಸೈಟು ಅಂದರೆ ನಮ್ಮಂಥವರು ಮಾತು ಬದಲಾಯಿಸುತ್ತಿದ್ದ ಕಾಲ. ಇದು ಪೇಟೆಯಲ್ಲಲ್ಲ. ಮಾಗಡಿ ರಸ್ತೆಯಲ್ಲಿ ಊರು ಮುಗಿದು, ಮತ್ತೆ ಮುಗಿದು, ಇನ್ನೇನೂ ಇಲ್ಲ ಅಂದುಕೊಂಡ ಮೇಲೆ ಇನ್ನೂ ನಾಲ್ಕು ಮೈಲಿ ಹೋದರೆ ಹೊಂಗೇನಹಳ್ಳಿ. ಅಲ್ಲಿ ರಾಗಿ ಹೊಲದ ತುಂಬ ಕಲ್ಲು ನೆಟ್ಟು ಬಣ್ಣದ ಬೋರ್ಡು ನಿಲ್ಲಿಸಿದ್ದರು. ನೀರು, ಕರೆಂಟು, ಟಾರು ರಸ್ತೆ, ಪಾರ್ಕು ಎಲ್ಲವೂ ಬೋರ್ಡಿನ ಮೇಲೆ ಇದ್ದವು.

ನನ್ನ ಬಳೆ, ಅವರ ಪಿ.ಎಫ್. ಎಲ್ಲ ಸೇರಿ ಒಂದು ನಡುಮನೆ, ಒಂದು ಕೋಣೆ, ಒಂದು ಅಡುಗೆಮನೆ ಎದ್ದಿತು. ಮುಂಬಾಗಿಲು ಇತ್ತು. ಕಿಟಕಿಗೆ ಬರೀ ಚೌಕಟ್ಟು. ಬಡಾವಣೆಗೆಂದು ಕೊರೆಸಿದ ಬೋರ್‌ವೆಲ್‌ನಲ್ಲಿ ಧೂಳು ಬಂತು. ಇನ್ನೊಂದು ಕೊರೆಸುತ್ತೇವೆ, ಒಂದು ತಿಂಗಳು ತಡೆಯಿರಿ ಎಂದು ಬಡಾವಣೆಯವರು ಹೇಳಿದರು.

ಆಷಾಢಕ್ಕೆ ಎಂಟು ದಿನ ಉಳಿದಿತ್ತು. ಮುಹೂರ್ತ ನೋಡಿದ ಅಯ್ಯನವರು, "ಶ್ರಾವಣದಲ್ಲಿ ಮಾಡ್ಕೊಳ್ಳಿ ತಾಯಿ, ಏನು ಅವಸರ?" ಎಂದರು. ನಾನು ಕೇಳಲಿಲ್ಲ. ಅಷ್ಟು ವರ್ಷ ಕಾದವಳಿಗೆ ಆ ಒಂದು ತಿಂಗಳು ಕಾಯಲು ಆಗಲಿಲ್ಲ. ತಪ್ಪು ನನ್ನದೇ, ಗಂಡನ ತಲೆಗೆ ಕಟ್ಟುವುದಿಲ್ಲ.

"ಹಾಗಾದ್ರೆ ಒಂದು ಮಾತು ನೆನಪಿಟ್ಕೊಳ್ಳಿ. ಹಾಲು ಉಕ್ಸಿದ ಮನೇನ ಸಂಜೆ ಹೊತ್ತು ಕತ್ತಲಲ್ಲಿ ಬಿಡಬಾರದು" ಎಂದರು ಅಯ್ಯನವರು. ಒಂದು ತಿಂಗಳು ತಾನೆ ಎಂದುಕೊಂಡು ಹಾಲು ಉಕ್ಕಿಸಿದೆ.

ನೀರು ಬರಲು ಹದಿನಾರು ತಿಂಗಳು ಹಿಡಿಯಿತು.

ಗಂಡನ ಅಂಗಡಿ ಮುಚ್ಚುವುದು ರಾತ್ರಿ ಎಂಟಕ್ಕೆ. ಹಾಗಾಗಿ ದೀಪದ ಕೆಲಸ ನನಗೇ ಬಂತು. ದಿನಾ ನಾಲ್ಕು ಗಂಟೆಗೆ ಮಾರ್ಕೆಟ್ಟಿನಿಂದ ಬಸ್ಸು. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ, ನಡುವೆ ಒಂದು ಗಂಟೆ ನನ್ನ ಮನೆ. ಕಂಡಕ್ಟರ್ ನನಗೊಂದು ಹೆಸರು ಇಟ್ಟಿದ್ದ. "ದೀಪದಮ್ಮ ಹತ್ತಿದ್ರು, ರೈಟ್!" ಎಂದು ಸೀಟಿ ಊದುತ್ತಿದ್ದ. ವಠಾರದವರು ಹಿಂದಿನಿಂದ ನಗುವುದೂ ಗೊತ್ತಿತ್ತು. ನಗಲಿ ಬಿಡಿ. ಬೀಗ ತೆಗೆದು ಒಳಗೆ ಕಾಲಿಟ್ಟರೆ ಸಿಮೆಂಟಿನ ಹಸಿ ವಾಸನೆ ಬರುತ್ತಿತ್ತು. ಅದನ್ನು ಎದೆ ತುಂಬ ಎಳೆದುಕೊಳ್ಳುತ್ತಿದ್ದೆ. ಕೆಮ್ಮಣ್ಣಿನ ಧೂಳು ಗುಡಿಸಿ, ಮುಂದಿನ ಕಿಟಕಿಯ ಪಕ್ಕದ ಗೂಡಿನಲ್ಲಿ ಎಳ್ಳೆಣ್ಣೆ ದೀಪ ಹಚ್ಚಿ, ನೆಲದ ಮೇಲೆ ಸುಮ್ಮನೆ ಕೂರುತ್ತಿದ್ದೆ. ಯಾವ ಮೊಳೆ ಎಲ್ಲಿ ಎಂದು ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಮಾಡಿದ್ದೆ. ಅಮ್ಮನಿಗೆ ಪೂರ್ವದ ಗೋಡೆ. ಹೊಡೆಯಲು ಯಾರ ಅಡ್ಡಿಯೂ ಇರಲಿಲ್ಲ, ಆದರೂ ಹೊಡೆಯಲಿಲ್ಲ. ವಾಸಕ್ಕೆ ಬಂದ ದಿನವೇ ಹೊಡೆಯಬೇಕು ಎಂಬ ಹಟ. ಕೊನೆಯ ಬಸ್ಸಿಗೆ ಹೊತ್ತಾದಾಗ ಎದ್ದು ಬೀಗ ಹಾಕಿ, ಅದನ್ನು ಎರಡೆರಡು ಸಲ ಎಳೆದು ನೋಡಿ ಹೊರಡುತ್ತಿದ್ದೆ.

ಮರು ವರ್ಷದ ಮಳೆಗಾಲದಲ್ಲಿ ಜ್ವರ ಬಂದು ಐದು ದಿನ ಏಳಲಾಗಲಿಲ್ಲ. ಗಂಡನ ಕೈ ಹಿಡಿದು ನಾನು ಅತ್ತುಬಿಟ್ಟೆ.

"ಒಂದಿನ ರಜ ಹಾಕಿ ಹೋಗ್ಬನ್ನಿ."

"ಸ್ಟಾಕ್ ಬರೋ ವಾರ ಕಣೇ, ರಜ ಕೊಡಲ್ಲ. ದೀಪ ಇಲ್ಲ ಅಂತ ಮನೆ ಎಲ್ಲಿಗೂ ಓಡಿಹೋಗಲ್ಲ, ಮಲ್ಕೋ."

ಆರನೆಯ ದಿನ ತಲೆಗೆ ಮಫ್ಲರ್ ಸುತ್ತಿಕೊಂಡು ಬಸ್ಸು ಹತ್ತಿದೆ. ಮಳೆಗೆ ಬಸ್ಸು ತಡವಾಗಿ, ಹೋಗುವಷ್ಟರಲ್ಲಿ ಕತ್ತಲಾಗಿತ್ತು. ದೂರದಿಂದಲೇ ನನ್ನ ಕಿಟಕಿಯಲ್ಲಿ ಬೆಳಕು ಕಂಡಿತು. ಬೀಗ ಹಾಕಿದ ಹಾಗೇ ಇತ್ತು. ಒಳಗೆ ಹೋದರೆ ಹೊಂಗೆ ಎಣ್ಣೆಯ ಕಮಟು ವಾಸನೆ. ಯಾರೋ ಕಿಟಕಿಯ ಚೌಕಟ್ಟಿನೊಳಗೆ ಕೈ ಹಾಕಿ ಗೂಡಿನ ದೀಪ ಹಚ್ಚಿದ್ದರು.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನಾನಿನ್ನೂ ಒಂದು ರಾತ್ರಿ ಮಲಗದ ಮನೆಯಲ್ಲಿ ಇನ್ನೊಬ್ಬರು ದೀಪ ಹಚ್ಚಿದರಲ್ಲ ಎಂದು ಕೋಪ ನೆತ್ತಿಗೇರಿತು.

ಮಾರನೆಯ ದಿನ ದೀಪ ಹಚ್ಚದೆ ಬಾಗಿಲ ಹಿಂದೆ ಕಾದು ಕೂತೆ. ಮಬ್ಬಾಗುವ ಹೊತ್ತಿಗೆ ಎತ್ತರದ ಮುದುಕರೊಬ್ಬರು ಬಂದರು, ಕೈಯಲ್ಲಿ ಸಣ್ಣ ಎಣ್ಣೆ ಸೀಸೆ. ನೋಡಿದರೆ ಬೈರಯ್ಯ, ಈ ಹೊಲವನ್ನು ಬಡಾವಣೆಗೆ ಮಾರಿದವರು. ಊರ ಕಡೆಯ ಬಂಡೆಯ ಮೇಲೆ ಅವರು ಕೂತಿರುವುದನ್ನು ಬಸ್ಸಿಳಿದಾಗಲೆಲ್ಲ ನೋಡಿದ್ದೆ. ನಾನು ಧಡಕ್ಕನೆ ಬಾಗಿಲು ತೆಗೆದೆ.

"ಏನ್ರೀ ಇದು? ಬೀಗ ಹಾಕಿರೋ ಮನೆ ಒಳಗೆ ಕೈ ಹಾಕ್ತೀರಾ?"

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. "ನಾಕೈದು ದಿನದಿಂದ ನೀವು ಬರ್ನಿಲ್ಲ, ನೆನ್ನೇನೂ ಹೊತ್ತು ಮೀರಿತ್ತು. ಕತ್ಲೆ ಮಡಗಬಾರ್ದಲ್ಲ ತಾಯಿ. ಇದು ನಮ್ಮ ಕಣ. ಸುಗ್ಗೀಲಿ ರಾಶಿ ಮುಂದೆ ದಿನಾ ಸಂಜೆ ದೀಪ ಹಚ್ಚೋನು ನಾನೇಯ."

"ಮಾರಿದ ಮೇಲೆ ಇನ್ನೆಂಥಾ ಕಣ? ಈಗ ಇದು ನನ್ನ ಮನೆ. ಇನ್ನೊಂದ್ಸಲ ಬರಬೇಡಿ."

ಅವರು ವಾದ ಮಾಡಲಿಲ್ಲ. "ದಿಟ, ಮಾರ್ಬುಟ್ಟೆ" ಎಂದರು. ಸೀಸೆಯನ್ನು ಕಿಟಕಿಯ ಕಟ್ಟೆ ಮೇಲಿಟ್ಟು ಹೋದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ನನ್ನ ಮೇಲೇ ಅಸಹ್ಯವಾಯಿತು. ನಾಳೆ ಹೋಗಿ ಎರಡು ಒಳ್ಳೆಯ ಮಾತಾಡಬೇಕು ಎಂದುಕೊಂಡೆ. ನಾಳೆ ಆದಮೇಲೆ ನಾಡಿದ್ದು ಎಂದುಕೊಂಡೆ. ಅವರು ಬಂಡೆಯ ಮೇಲೆ ನನ್ನ ಮನೆಗೆ ಬೆನ್ನು ಹಾಕಿ ಕೂರಲು ಶುರು ಮಾಡಿದ್ದರು. ನನ್ನ ಜೋರು ಬಾಯಿ ಆ ಬೆನ್ನಿನ ಮುಂದೆ ಬಿಚ್ಚಲಿಲ್ಲ. ಸೀಸೆಯನ್ನು ಎಸೆಯಲೂ ಇಲ್ಲ, ಮುಟ್ಟಲೂ ಇಲ್ಲ.

ಕಾರ್ತಿಕದಲ್ಲಿ ಮೂರನೆಯ ಬೋರ್‌ವೆಲ್ ನೀರು ಕೊಟ್ಟಿತು. ಕಿಟಕಿಗಳಿಗೆ ಗ್ರಿಲ್ಲು ಬಂತು, ಸೊಳ್ಳೆಗೆಂದು ಜಾಲರಿಯೂ ಬಂತು. ಕರೆಂಟು ಬಂದು ಬಂದು ಹೋಗುತ್ತಿತ್ತು. ಟಾರು ರಸ್ತೆ, ಪಾರ್ಕು ಬೋರ್ಡಿನ ಮೇಲೇ ಉಳಿದವು, ಆ ಬೋರ್ಡಿನ ಬಣ್ಣವೂ ಹೋಗಿತ್ತು. ಆದರೂ ಸುತ್ತ ಹತ್ತು ಮನೆ ಎದ್ದಿದ್ದವು, ಒಂದು ದಿನಸಿ ಅಂಗಡಿ ಆಗಿತ್ತು. ಕಲ್ಯಾಣಮ್ಮನವರು ಅರಿಶಿನ ಕುಂಕುಮ ಕೊಟ್ಟು, "ಇನ್ನೆಷ್ಟು ಬೇಕೋ ಅಷ್ಟು ಮೊಳೆ ಹೊಡ್ಕೊಳ್ಳೇ" ಎಂದು ಕಣ್ಣೊರೆಸಿಕೊಂಡರು. ನಾನೂ ಅತ್ತೆ.

ವಾಸಕ್ಕೆ ಬಂದ ದಿನ ಸಾಮಾನು ಇಳಿಸಿ ಮುಗಿಯುವಾಗ ಸಂಜೆಯಾಗಿತ್ತು. ಗಂಡ ಅಂಗಡಿಗೆ ಸೊಳ್ಳೆಬತ್ತಿ ತರಲು ಹೋಗಿದ್ದರು. ನಾನು ಟ್ರಂಕಿನಿಂದ ಅಮ್ಮನನ್ನು ತೆಗೆದೆ. ಪೂರ್ವದ ಗೋಡೆಯ ಪೆನ್ಸಿಲ್ ಗುರುತಿನ ಮೇಲೆ ಮೊಳೆಯಿಟ್ಟು ಸುತ್ತಿಗೆ ಎತ್ತಿದೆ. ನಾಲ್ಕು ಏಟಿಗೆ ಗಟ್ಟಿಯಾಗಿ ಕೂತಿತು. ಫೋಟೋ ನೇತುಹಾಕಿ ತಿರುಗಿದರೆ, ತೆರೆದ ಬಾಗಿಲಾಚೆ ರಸ್ತೆಯಲ್ಲಿ ಬೈರಯ್ಯ ನಿಂತಿದ್ದರು. ಸುತ್ತಿಗೆ ಸದ್ದು ಕೇಳಿ ಬಂದಿರಬೇಕು. ದೀಪದ ಗೂಡಿನ ಕಡೆ ನೋಡುತ್ತಿದ್ದರು. ಗ್ರಿಲ್ಲು, ಜಾಲರಿ ಬಂದ ಮೇಲೆ ಅಲ್ಲಿಗೆ ಹೊರಗಿನವರ ಕೈ ಹೋಗುವಂತಿರಲಿಲ್ಲ.

"ಬೈರಯ್ಯನೋರೇ, ಒಳಗೆ ಬನ್ನಿ. ಅವತ್ತು ನಾನು ಹಾಗೆ ಮಾತಾಡಬಾರದಿತ್ತು" ಎಂದೆ. ಅಷ್ಟು ತಿಂಗಳು ನಾಳೆ ನಾಳೆ ಎಂದು ಮುಂದೂಡಿದ್ದ ಮಾತು ಇಷ್ಟೇ ಚಿಕ್ಕದಾಗಿತ್ತು.

ಅವರು ಚಪ್ಪಲಿಯನ್ನು ಗೇಟಿನಾಚೆಯೇ ಬಿಟ್ಟು ಬಂದರು. ಗೋಡೆ ನೋಡಲಿಲ್ಲ, ಸೂರು ನೋಡಲಿಲ್ಲ. ನೆಲ ನೋಡುತ್ತ ನಾಲ್ಕು ಹೆಜ್ಜೆ ಅಳೆದು, ನಡುಮನೆಯ ನಡುವೆ ನಿಂತರು.

"ಮೇಟಿ ಕಂಬ ಇಲ್ಲೇ ಇತ್ತು. ಇದ್ರ ಸುತ್ತಾನೇ ಎತ್ತು ತಿರುಗ್ತಿದ್ದೋ."

ಆಮೇಲೆ ನನ್ನ ಕಡೆ ತಿರುಗಿದರು. ಅಷ್ಟೆತ್ತರದ ಮನುಷ್ಯ ಕತ್ತು ಒಂದು ಕಡೆ ವಾಲಿಸಿ, ದನಿ ತಗ್ಗಿಸಿ ಕೇಳಿದರು.

"ಒಂದೇ ಒಂದು ಗಳಿಗೆ ಇಲ್ಲಿ ಕುಂತ್ಕಳ್ಳಾ ತಾಯಿ?"

ಆ ದನಿ ನನಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷ ಅದು ನನ್ನ ಬಾಯಿಂದಲೇ ಬಂದಿತ್ತು. ನನ್ನ ಕೈಯಲ್ಲಿ ಇನ್ನೂ ಸುತ್ತಿಗೆ ಇತ್ತು. ಅದನ್ನು ಕೆಳಗಿಟ್ಟು, ಮೇಟಿ ಇದ್ದ ಜಾಗದಲ್ಲಿ ಚಾಪೆ ಹಾಸಿದೆ. ಗೂಡಿನ ದೀಪ, ಹೊಂಗೆ ಎಣ್ಣೆಯ ಸೀಸೆ, ಬೆಂಕಿಪೊಟ್ಟಣ ತಂದು ಅವರ ಮುಂದಿಟ್ಟೆ.